ಪದಚರ್ಚೆ: ಪಿಸ್ತೂಲಿನ ‘ಹ್ಯಾಮರ್ ಬೈಟ್’ಗೆ ಕನ್ನಡದಲ್ಲಿ ಏನೆನ್ನಬೇಕು? ನಾಳೆ ಸಂಜೆಯೊಳಗೆ ಬೇಕು

ಪುಣೆಯಿಂದ:
ಹಳೆಯ ಪಿಸ್ತೂಲುಗಳ ದುರಸ್ತಿಯ ಬಗೆಗಿನ ಕಿರುಪುಸ್ತಕವೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು, ಒಂದು ಪದ ಮಾತ್ರ ಬಗೆಹರಿದಿಲ್ಲ. ಗುಂಡು ಹಾರಿದಾಗ ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಲೋಹದ ಭಾಗ) ಹಿಂದಕ್ಕೆ ನುಗ್ಗಿ ಹ್ಯಾಮರನ್ನು, ಅಂದರೆ ಬಡಿದು ಗುಂಡು ಹಾರಿಸುವ ತುಂಡನ್ನು, ಹಿಂದಕ್ಕೆ ಮಲಗಿಸುತ್ತದೆ. ಆ ಕ್ಷಣದಲ್ಲಿ ಹ್ಯಾಮರಿನ ಮುಳ್ಳಿಗೂ ಹಿಡಿಯ ಮೇಲ್ತುದಿಗೂ ನಡುವೆ ಹೆಬ್ಬೆರಳು, ತೋರುಬೆರಳುಗಳ ಸಂದಿನ ತೊಗಲು ಸಿಕ್ಕಿ ನಜ್ಜುಗುಜ್ಜಾಗುತ್ತದೆ. ಇದು ಹ್ಯಾಮರ್ ಬೈಟ್. ಸ್ಲೈಡಿನ ಕೆಳ ಅಂಚು ಕೈಯನ್ನು ಸೀಳಿದರೆ ಅದು ಸ್ಲೈಡ್ ಬೈಟ್. ವಾಲ್ಟರ್ ಪಿಪಿಕೆ ಎಂಬ ಪುಟ್ಟ ಪಿಸ್ತೂಲು ಬಳಸುವವರ ದೂರು ಇದು. ಎರಡಕ್ಕೂ ಬೇರೆ ಬೇರೆ ಪದ ಬೇಕು. ‘ಸುತ್ತಿಗೆ ಕಡಿತ’ ಎಂದು ಬರೆದು ನೋಡಿದೆ, ಬಡಗಿಯ ಗಾಯದಂತೆ ಕೇಳಿಸುತ್ತದೆ.

ಮಾಟುಂಗಾದಿಂದ:
‘ಮುದ್ಗರ-ದಂಶ’. ಮುದ್ಗರ ಎಂದರೆ ಸುತ್ತಿಗೆ, ದಂಶ ಎಂದರೆ ಕಡಿತ. ಪಾರಿಭಾಷಿಕ ಪದ ಸಂಸ್ಕೃತದಿಂದ ಬಂದರೆ ನಿಮ್ಮ ಪಕ್ಕದ ಮರಾಠಿಯವರಿಗೂ ಅರ್ಥವಾಗುತ್ತದೆ. ಇದರಲ್ಲಿ ಚರ್ಚಿಸುವುದು ಏನೂ ಇಲ್ಲ.

ಡೊಂಬಿವಲಿಯಿಂದ:
ಚರ್ಚಿಸುವುದು ಬಹಳ ಇದೆ. ಮುದ್ಗರ ಎಂದರೆ ಕೈಯಲ್ಲಿ ಹಿಡಿದು ಬೀಸುವ ಆಯುಧ. ಇಲ್ಲಿರುವುದು ಬೆರಳ ತುದಿಯಷ್ಟು ದೊಡ್ಡ ಉಕ್ಕಿನ ತುಂಡು. ಅದಕ್ಕೆ ಕನ್ನಡದಲ್ಲಿ ಪದ ಇದೆ: ಕುದುರೆ. ಮಲೆನಾಡಿನಲ್ಲಿ ಕೇಪಿನ (ಬಡಿದರೆ ಮದ್ದಿಗೆ ಕಿಡಿ ಹತ್ತಿಸುವ ಪುಟ್ಟ ಲೋಹದ ಟೋಪಿಯ) ಕೋವಿ ಹಿಡಿದವರನ್ನು ಕೇಳಿ. ಹೆಬ್ಬೆರಳಿನಿಂದ ಹಿಂದಕ್ಕೆ ಎಳೆದು ನಿಲ್ಲಿಸುವುದು ಕುದುರೆಯನ್ನು. ಅದು ಮುಂದಕ್ಕೆ ಹಾರಿ ಕೇಪಿನ ಮೇಲೆ ಬಡಿಯುತ್ತದೆ. ‘ಕುದುರೆ ಒತ್ತಿದ’ ಎಂದು ಟ್ರಿಗರಿಗೆ ಬಳಸುವುದು ಪತ್ರಿಕೆಗಳ ಅಜಾಗರೂಕತೆ. ಒತ್ತುವುದು ಟ್ರಿಗರನ್ನು, ಎಳೆಯುವುದು ಕುದುರೆಯನ್ನು. ತಂತಿಗಳನ್ನು ಹೊರುವ ವೀಣೆಯ ಭಾಗಕ್ಕೂ ನಾವು ಕುದುರೆ ಎನ್ನುತ್ತೇವೆ. ಯಂತ್ರದ ಭಾಗಕ್ಕೆ ಪ್ರಾಣಿಯ ಹೆಸರಿಡುವುದು ಕನ್ನಡಕ್ಕೆ ಹೊಸದಲ್ಲ.

ಮಾಟುಂಗಾದಿಂದ:
ಮರಾಠಿಯಲ್ಲೂ ಘೋಡಾ ಎನ್ನುತ್ತಾರೆ. ನಿಮ್ಮ ‘ಅಚ್ಚಗನ್ನಡ’ ಅದರ ಪಡಿಯಚ್ಚು ಇರಬಹುದು.

ಡೊಂಬಿವಲಿಯಿಂದ:
ಇರಬಹುದು. ಆದರೂ ಅದು ಕೋವಿ ಹಿಡಿದವರ ಬಾಯಲ್ಲಿ ಬದುಕಿದೆ. ಮುದ್ಗರ ಯಾವ ಕೋವಿಯವನ ಬಾಯಲ್ಲೂ ಇಲ್ಲ.

ಮಡಗಾಂವದಿಂದ:
ಇಬ್ಬರೂ ಹ್ಯಾಮರನ್ನು ಬಿಟ್ಟುಬಿಡಿ. ಚಾವಿ, ಪಗಾರ, ಬಟಾಟೆ ಎಲ್ಲವೂ ಪೋರ್ಚುಗೀಸರಿಂದ ಬಂದವು. ಬಂದೂಕು ಅರಬ್ಬಿಯದು, ತುಪಾಕಿ ತುರ್ಕಿಯದು. ಶಸ್ತ್ರಗಳ ವಿಷಯದಲ್ಲಿ ಶುದ್ಧಿಯ ಹಟ ಹಿಡಿದರೆ ಪಿಸ್ತೂಲು ಎಂಬ ಪದವನ್ನೇ ಮೊದಲು ಹೊರಗೆ ಹಾಕಬೇಕಾಗುತ್ತದೆ. ದುರಸ್ತಿ ಮಾಡುವವರು ಹೇಳುವುದು ಹ್ಯಾಮರ್ ಎಂದೇ. ಆದರೆ ‘ಬೈಟ್’ ಅನುವಾದಿಸಲೇಬೇಕು. ಕಡಿತ ಬೇಡ, ಈಗ ಅದು ವಿದ್ಯುತ್ತಿಗೂ ವೇತನಕ್ಕೂ ಅಂಟಿಕೊಂಡಿದೆ. ಹೊಸ ಚಪ್ಪಲಿ ಕಚ್ಚುತ್ತದೆ ಎನ್ನುವ ಹಾಗೆ ‘ಹ್ಯಾಮರ್ ಕಚ್ಚುತ್ತದೆ’ ಎನ್ನಿ.

ಪುಣೆಯಿಂದ:
ಕಚ್ಚು ಎಂದರೆ ಸ್ಲೈಡಿಗೂ ಅದೇ ಬರುತ್ತದಲ್ಲ. ನನಗೆ ಬೇಕಿರುವುದು ಆ ಎರಡರ ವ್ಯತ್ಯಾಸ. ಒಂದರಲ್ಲಿ ತೊಗಲು ಎರಡು ಲೋಹಗಳ ನಡುವೆ ಸಿಕ್ಕುತ್ತದೆ, ಇನ್ನೊಂದರಲ್ಲಿ ಅಂಚು ತೊಗಲಿನ ಮೇಲೆ ಹರಿದು ಹೋಗುತ್ತದೆ. ಪರಿಹಾರವೂ ಬೇರೆ. 1920ರ ದಶಕದಲ್ಲಿ ಕೋಲ್ಟ್ 1911 ಎಂಬ ಪಿಸ್ತೂಲನ್ನು ತಿದ್ದಿ 1911ಎ1 ಮಾಡಿದಾಗ ಗ್ರಿಪ್ ಸೇಫ್ಟಿಯ (ಹಿಡಿಯನ್ನು ಬಿಗಿಯಾಗಿ ಹಿಡಿಯದಿದ್ದರೆ ಗುಂಡು ಹಾರದಂತೆ ತಡೆಯುವ ಸನ್ನೆಯ) ಬಾಲವನ್ನು ಉದ್ದ ಮಾಡಿ, ಹ್ಯಾಮರಿನ ಮುಳ್ಳನ್ನು ಮೋಟು ಮಾಡಿದರು. 1935ರ ಬ್ರೌನಿಂಗ್ ಹೈ-ಪವರ್‌ನಲ್ಲಿ ಗ್ರಿಪ್ ಸೇಫ್ಟಿ ಇಲ್ಲ, ಹಿಡಿಯ ಮೇಲ್ತುದಿಯ ಬಾಲವೇ ಗಿಡ್ಡ. ಪಶ್ಚಿಮ ಬಂಗಾಳದ ಇಚ್ಛಾಪುರದಲ್ಲಿ ತಯಾರಾಗುವ ನಮ್ಮ 9 ಮಿ.ಮೀ. 1ಎ ಪಿಸ್ತೂಲು ಅದರದೇ ತಳಿ. ಇವೆರಡರಲ್ಲಿ ಮುಳ್ಳನ್ನು ಅರದಿಂದ ಉಜ್ಜಿ ಗಿಡ್ಡ ಮಾಡುತ್ತಾರೆ, ಇಲ್ಲವೇ ಬಾಲಕ್ಕೆ ಲೋಹ ಬೆಸೆದು ಉದ್ದ ಮಾಡುತ್ತಾರೆ. ಇನ್ನೊಂದು ಸಂಶಯ: ಇಂಥ ಉದ್ದನೆಯ, ಅಗಲವಾದ ಬಾಲಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಬೀವರ್‌ಟೇಲ್’ಗೆ ನೀರುನಾಯಿ ಬಾಲ ಎನ್ನಬಹುದೇ?

ಡೊಂಬಿವಲಿಯಿಂದ:
ಖಂಡಿತ ಬೇಡ. ನೀರುನಾಯಿ ಬೇರೆ ಪ್ರಾಣಿ. ಬೀವರ್ ನಮ್ಮ ನಾಡಿನಲ್ಲೇ ಇಲ್ಲ. ಅಗಲ ಬಾಲ ಎಂದರೆ ಸಾಕು, ಆಕಾರ ಕಣ್ಣಿಗೆ ಕಟ್ಟುತ್ತದೆ. ಎರಡು ಗಾಯಗಳ ಬಗ್ಗೆ ನೀವು ಹೇಳಿದ್ದರಲ್ಲೇ ಉತ್ತರ ಇದೆ. ಎರಡು ಲೋಹಗಳ ನಡುವೆ ತೊಗಲು ಸಿಕ್ಕುವುದು ಚಿವುಟು. ಅಂಚು ಹರಿದು ಹೋಗುವುದು ಗೀರು. ‘ಕುದುರೆ ಚಿವುಟು’, ‘ಸ್ಲೈಡ್ ಗೀರು’. ನಿಜವಾದ ಕುದುರೆ ಕಚ್ಚೀತು, ಚಿವುಟದು. ಹಾಗಾಗಿ ಯಾರೂ ತಪ್ಪು ತಿಳಿಯುವುದಿಲ್ಲ.

ಮಡಗಾಂವದಿಂದ:
ಸ್ಲೈಡನ್ನು ಬಿಟ್ಟುಕೊಟ್ಟವರಿಗೆ ಹ್ಯಾಮರಿನ ಮೇಲೇಕೆ ಸಿಟ್ಟು? ಚಿವುಟು, ಗೀರು ಎರಡನ್ನೂ ಒಪ್ಪುತ್ತೇನೆ. ಕುದುರೆಯನ್ನು ಒಪ್ಪುವುದಿಲ್ಲ. ಬೆಳಗಾವಿಯ ನಿವೃತ್ತ ಸೈನಿಕ ಈ ಪುಸ್ತಕ ತೆರೆದರೆ ಅವನಿಗೆ ಗೊತ್ತಿರುವುದು ಹ್ಯಾಮರ್.

ಡೊಂಬಿವಲಿಯಿಂದ:
ಸ್ಲೈಡಿಗೆ ಕನ್ನಡದಲ್ಲಿ ಪದ ಇರಲಿಲ್ಲ, ತೆಗೆದುಕೊಂಡೆವು. ಹ್ಯಾಮರಿಗೆ ಇತ್ತು. ಇಲ್ಲದ್ದನ್ನು ಸಾಲ ತರುವುದು ಬೇರೆ, ಇರುವುದನ್ನು ಅಟ್ಟಕ್ಕೆ ಹಾಕಿ ಸಾಲ ತರುವುದು ಬೇರೆ.

ಮಾಟುಂಗಾದಿಂದ:
ಚಿವುಟು, ಗೀರು! ಇವು ಶಾಲಾ ಮಕ್ಕಳ ಜಗಳದ ಪದಗಳು. ಶಾಸ್ತ್ರಗ್ರಂಥಕ್ಕೆ ಗಾಂಭೀರ್ಯ ಬೇಡವೇ?

ಪುಣೆಯಿಂದ:
ಹಿರಿಯರು ಮನ್ನಿಸಬೇಕು, ಇದು ಶಾಸ್ತ್ರಗ್ರಂಥವಲ್ಲ. ಪಿಸ್ತೂಲು ಬಿಚ್ಚಿ ಕೂತವರು ಓದುವ ಪುಸ್ತಕ. ‘ಕುದುರೆ ಚಿವುಟು’, ‘ಸ್ಲೈಡ್ ಗೀರು’ ಎಂದೇ ಇಡುತ್ತೇನೆ. ಮೊದಲ ಪುಟದ ಚಿತ್ರದಲ್ಲಿ ಕುದುರೆಗೆ ಬಾಣದ ಗುರುತು ಹಾಕಿ, ಹ್ಯಾಮರ್ ಎಂದೂ ಪಕ್ಕದಲ್ಲಿ ಬರೆಯುತ್ತೇನೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ದುರಸ್ತಿಯ ವೃತ್ತಿಗೂ ಪರವಾನಗಿ ಬೇಕು. ಅರ, ಬೆಸುಗೆಗಳ ಪುಟದ ತಲೆಯಲ್ಲೇ ಆ ಎಚ್ಚರಿಕೆ ಇರುತ್ತದೆ. ಅದಕ್ಕೆ ಲೈಸೆನ್ಸ್ ಎನ್ನಬೇಕೋ ಪರವಾನಗಿ ಎನ್ನಬೇಕೋ ಎಂದು ಮಾತ್ರ ದಯವಿಟ್ಟು ಇಂದು ಶುರುಮಾಡಬೇಡಿ.

ಮಡಗಾಂವದಿಂದ:
ಪರವಾನಗಿ ಪಾರಸಿಯದು.