ವಕೀಲರ ಕಂಪನಿ ಫೀಸಿಗೆ ದಾವೆ ಹಾಕಬಹುದಾ?

ಬಳ್ಳಾರಿ ಜೀನ್ಸ್ ಘಟಕ: ಬೆಂಗಳೂರಿನ ಒಂದು ಲಾ ಫರ್ಮ್‌ನಿಂದ ನೋಟಿಸ್ ಬಂದಿದೆ ಸರ್. ಬಾಕಿ ಫೀಸ್ 1,80,000 ರೂಪಾಯಿ ಕಟ್ಟಿ, ಇಲ್ಲಾಂದ್ರೆ ದಾವೆ ಅಂತ. ನಾನು ಮಾತಾಡಿದ್ದು ಒಬ್ಬ ವಕೀಲರ ಹತ್ತಿರ. ಅವರ ಕಂಪನಿ ನನ್ನ ಮೇಲೆ ಕೇಸ್ ಹಾಕಬಹುದಾ?

ಕೊಪ್ಪಳ ಕಿರಾಣಿ: ವಕೀಲರು ಫೀಸಿಗೆ ಕೇಸ್ ಹಾಕೋ ಹಾಗೇ ಇಲ್ಲವಂತೆ, ಫಾರ್ವರ್ಡ್ ಬಂದಿದೆ. ಹರಿದು ಬಿಸಾಕಿ.

ವಕೀಲರು: ಹರಿಯಬೇಡಿ. ವಕೀಲರು ಫೀಸಿಗೆ ದಾವೆ ಹಾಕಬಹುದು ಅಂತ 1926ರಲ್ಲೇ ಕಾಯ್ದೆ ಬಂದಿದೆ. ಬಿಲ್ಲಿನ ಕೆಳಗಡೆ ಸಣ್ಣ ಅಕ್ಷರದಲ್ಲಿ ಏನಿದೆ ನೋಡಿ. ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಅಂತಿದ್ದರೆ 2008ರ ಕಾಯ್ದೆ ಪ್ರಕಾರ ಅದಕ್ಕೆ ಪಾಲುದಾರರಿಂದ ಬೇರೆಯಾದ ಅಸ್ತಿತ್ವ ಇದೆ, ತನ್ನ ಹೆಸರಲ್ಲೇ ದಾವೆ ಹಾಕಬಹುದು. ಮಾಮೂಲಿ ಪಾಲುದಾರಿಕೆ ಆಗಿದ್ದು ನೋಂದಣಿ ಆಗಿಲ್ಲದಿದ್ದರೆ 1932ರ ಕಾಯ್ದೆಯ 69ನೇ ಕಲಂ ಅಡ್ಡ ಬರುತ್ತದೆ. ಪ್ರೈವೇಟ್ ಲಿಮಿಟೆಡ್ ಅಂತಿದ್ದರೆ ವಿಷಯ ಸ್ವಾರಸ್ಯವಾಗಿದೆ. ಕಂಪನಿ ದಾವೆ ಹಾಕಬಹುದು ನಿಜ, ಆದರೆ 1961ರ ವಕೀಲರ ಕಾಯ್ದೆ ಪ್ರಕಾರ ಕೋರ್ಟಲ್ಲಿ ವಕೀಲಿ ಮಾಡೋದು ಸನ್ನದು ಪಡೆದ ವ್ಯಕ್ತಿ, ಕಂಪನಿ ಅಲ್ಲ, ಹಾಗಾಗಿ ಕೋರ್ಟ್ ಕೆಲಸದ ಫೀಸನ್ನು ಕಂಪನಿ ಕೇಳಿದರೆ ತಕರಾರು ತೆಗೆಯೋಕೆ ಜಾಗ ಇದೆ. ಇಷ್ಟಕ್ಕೇ ಗೆದ್ದೆ ಅನ್ಕೋಬೇಡಿ, ಕಂಪನಿ ಬಿದ್ದರೂ ಆ ವಕೀಲರೇ ತಮ್ಮ ಹೆಸರಲ್ಲಿ ಬರಬಹುದು. ಒಪ್ಪಂದ ಯಾರ ಜೊತೆ, ವಕಾಲತ್ತಿನಲ್ಲಿ ಯಾರ ಹೆಸರು, ದುಡ್ಡು ಯಾರ ಖಾತೆಗೆ ಹಾಕಿದ್ರಿ? ಮೂರೂ ಕಾಗದ ತೆಗೆದಿಡಿ.

ರಾಯಚೂರು ಹತ್ತಿ ವ್ಯಾಪಾರಿ: ಫೀಸ್ ಬಾಕಿ ಅಂತ ನಮ್ಮ ವಕೀಲರು ಫೈಲೇ ಕೊಡ್ತಿಲ್ಲ.

ವಕೀಲರು: ಹಿಡಿದಿಟ್ಟುಕೊಳ್ಳೋ ಹಾಗಿಲ್ಲ. 2000ದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಗಂಗಾವತಿ ರೈಸ್‌ಮಿಲ್: ಗೆದ್ದರೆ ನೂರಕ್ಕೆ ಹತ್ತು ಅಂತ ಬರೆಸಿಕೊಂಡಿದ್ದಾರೆ, ಕೊಡಬೇಕಾ?

ಕೊಪ್ಪಳ ಕಿರಾಣಿ: ಎಲ್ಲ ವಕೀಲರೂ ಹೀಗೇ.

ಸಿಂಧನೂರು ಗುಮಾಸ್ತ: ಬಾಯಿಗೆ ಬಂದಂಗೆ ಮಾತಾಡಬೇಡ್ರಿ. ವಾಯಿದೆಗೆ ಮೂರು ಸಲ ಬಂದು ಒಂದು ರೂಪಾಯಿ ಕೊಡದವರನ್ನೂ ನೋಡೀನಿ.

ಕೊಪ್ಪಳ ಕಿರಾಣಿ: ನೀವು ಅವರ ಅನ್ನ ತಿನ್ನೋರು, ಹೇಳ್ತೀರಿ ಬಿಡಿ.

ಸಿಂಧನೂರು ಗುಮಾಸ್ತ: ನೀವು ಉದ್ರಿ ಲೆಕ್ಕ ಬರೆಯೋದಿಲ್ಲೇನ್ರಿ ಅಂಗಡ್ಯಾಗ?

ರಾಯಚೂರು ಹತ್ತಿ ವ್ಯಾಪಾರಿ: ಸರ್, ಹಾಗಾದ್ರೆ ಫೈಲ್ ಇಟ್ಕೊಂಡಿದ್ದಕ್ಕೆ ಗ್ರಾಹಕರ ಕೋರ್ಟಿಗೆ ಹೋಗಲಾ? ಫಾರ್ವರ್ಡ್‌ನಲ್ಲಿ ಹಾಗೇ ಇತ್ತು.

ವಕೀಲರು: ಆಗಲ್ಲ. ವಕೀಲರ ಸೇವೆ ಗ್ರಾಹಕ ಕಾಯ್ದೆಗೆ ಬರಲ್ಲ ಅಂತ 2024ರ ಮೇ ತಿಂಗಳಲ್ಲಿ ತೀರ್ಪಾಗಿದೆ. ಬಾರ್ ಕೌನ್ಸಿಲಿಗೆ ದೂರು ಕೊಡಿ. ಫಾರ್ವರ್ಡ್ ಓದಿಕೊಂಡು ಕೋರ್ಟಿಗೆ ಬರಬೇಡಿ, ನಂತರ ನಮ್ಮ ತಲೆ ತಿನ್ನೋದು ನೀವೇ.

ಬಳ್ಳಾರಿ ಜೀನ್ಸ್ ಘಟಕ: ಬಿಲ್ಲಲ್ಲಿ ಎಲ್‌ಎಲ್‌ಪಿ ಇದೆ ಸರ್. ಕೆಲಸ ಮುಗಿದು ನಾಲ್ಕು ವರ್ಷ ಆಯ್ತು.

ವಕೀಲರು: ಅದನ್ನ ಮೊದಲೇ ಹೇಳೋದಲ್ವಾ! ದಾವೆ ಹಾಕೋಕೆ ಸಾಮಾನ್ಯವಾಗಿ ಕಾಲಮಿತಿ ಮೂರು ವರ್ಷ. ಮಧ್ಯೆ ಸ್ವಲ್ಪ ದುಡ್ಡು ಕಟ್ಟಿದ್ದೀರಾ, ಬಾಕಿ ಇದೆ ಅಂತ ಸಹಿ ಹಾಕಿ ಬರೆದುಕೊಟ್ಟಿದ್ದೀರಾ? ಹಾಗಿದ್ದರೆ ಲೆಕ್ಕವೇ ಬದಲಾಗುತ್ತದೆ. ಇಲ್ಲಿ ಬರೀಬೇಡಿ, ಆಫೀಸಿಗೆ ಬನ್ನಿ.

ಗಂಗಾವತಿ ರೈಸ್‌ಮಿಲ್: ಸರ್, ನೂರಕ್ಕೆ ಹತ್ತು ಕೇಳಿದ್ನಲ್ಲ?