ಪದಚರ್ಚೆ: ಕಾರಿನ ‘ಕೋಲ್ಡ್ ಏರ್ ಇಂಟೇಕ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ: ಪೆಟ್ರೋಲ್ ಕಾರಿಗೆ ಆಫ್ಟರ್‌ಮಾರ್ಕೆಟ್ (ಕಾರಿನ ಕಂಪನಿಯದಲ್ಲದ) ಏರ್ ಇಂಟೇಕ್ (ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆ) ಆಯ್ದು ಅಳವಡಿಸುವ ಕೈಪಿಡಿಯೊಂದು ಕನ್ನಡಕ್ಕೆ ಬರಬೇಕಿದೆ. ‘ಆಫ್ಟರ್‌ಮಾರ್ಕೆಟ್’ಗೆ ‘ಮಾರುಕಟ್ಟೋತ್ತರ’, ‘ಕೋಲ್ಡ್ ಏರ್ ಇಂಟೇಕ್’ಗೆ ‘ಶೀತಲ ವಾಯುಸೇವನೆ’, ‘ಏರ್ ಲೀಕ್’ಗೆ ‘ಗಾಳಿ ಸೋರಿಕೆ’ ಎಂದು ಸದ್ಯಕ್ಕೆ ಬರೆದಿದ್ದೇನೆ. ಸರಿಹೋಗುತ್ತದೆಯೇ?

ಉತ್ತರ 1: ವಾಯುಸೇವನೆ ಎಂದರೆ ಸಂಜೆ ಕೆರೆ ಏರಿಯ ಮೇಲೆ ಅಡ್ಡಾಡುವುದು. ಅದನ್ನು ಎಂಜಿನ್ನಿಗೆ ಕೊಡಬೇಡಿ. ‘ಶೀತಲ’ ಅದಕ್ಕಿಂತ ತಪ್ಪು, ಏಕೆಂದರೆ ಈ ಕೊಳವೆ ಯಾವುದನ್ನೂ ತಣ್ಣಗೆ ಮಾಡುವುದಿಲ್ಲ. ಫಿಲ್ಟರನ್ನು ಬಾನೆಟ್ಟಿನೊಳಗಿನ ಕಾವಿನಿಂದ ದೂರ ಮಾಡಿ, ಬಂಪರಿನ ಹಿಂದೆಯೋ ಫೆಂಡರಿನ ಒಳಗೋ ಹೊರಗಿನ ಗಾಳಿ ಸಿಗುವ ಕಡೆ ಇಡುತ್ತದೆ, ಅಷ್ಟೆ. 30 ಡಿಗ್ರಿಯ ಗಾಳಿಗಿಂತ 60 ಡಿಗ್ರಿಯ ಗಾಳಿ ಸುಮಾರು ಶೇ. 9ರಷ್ಟು ತೆಳು, ಒಳಹೋಗುವ ಆಮ್ಲಜನಕವೂ ಅಷ್ಟು ಕಡಿಮೆ. ಆದ್ದರಿಂದ ‘ಹೊರಗಾಳಿ ಕೊಳವೆ’ ಎನ್ನಿ. ಬಾನೆಟ್ಟಿನೊಳಗೇ ಬಾಯಿ ತೆರೆದಿರುವ ‘ಶಾರ್ಟ್ ರ್ಯಾಮ್’ ಇದಲ್ಲವೆಂದು ಆ ಹೆಸರಿನಿಂದಲೇ ತಿಳಿಯುತ್ತದೆ. ಶಾರ್ಟ್ ರ್ಯಾಮ್ ಸದ್ದು ಜೋರು ಮಾಡುತ್ತದೆ, ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ನಿನ ಬಿಸಿಗಾಳಿಯನ್ನೇ ಕುಡಿಯುತ್ತದೆ.

ಹೊರಗಾಳಿ ಕೊಳವೆಗೂ ಒಂದು ಕುತ್ತಿದೆ. ಫಿಲ್ಟರ್ ತಗ್ಗಿನಲ್ಲಿರುವುದರಿಂದ ನೀರು ತುಂಬಿದ ಅಂಡರ್‌ಪಾಸಿನಲ್ಲಿ ಮುಳುಗಿದರೆ ಎಂಜಿನ್ ನೀರನ್ನೇ ಎಳೆದುಕೊಳ್ಳುತ್ತದೆ. ಅದುಮಿದರೆ ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗಬಹುದು. ಬೆಂಗಳೂರಿನ ಮಳೆಗಾಲ ಕಂಡ ಓದುಗರಿಗಾಗಿ ಈ ಮಾತು ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿರಲಿ.

‘ಮಾರುಕಟ್ಟೋತ್ತರ’ ಅರಿಸಮಾಸ ಎಂಬುದು ಹಾಗಿರಲಿ, ಗ್ಯಾರೇಜಿನಲ್ಲಿ ಯಾರಿಗೂ ತಿಳಿಯದು. ಅಲ್ಲಿರುವುದು ‘ಕಂಪನಿ ಮಾಲು’, ‘ಹೊರಗಿನ ಮಾಲು’. ‘ಡೂಪ್ಲಿಕೇಟ್’ ಎಂದು ಮಾತ್ರ ಬರೆಯಬೇಡಿ. ಅದು ಇನ್ನೊಬ್ಬರ ಹೆಸರು ಕದ್ದು ಮಾಡಿದ ಮಾಲು.

ಇನ್ನು ‘ಸೋರಿಕೆ’. ಕೊಡ ಸೋರಿದರೆ ನೀರು ಹೊರಗೆ ಬರುತ್ತದೆ. ಇಲ್ಲಿ ನಡೆಯುವುದು ತಿರುವುಮುರುವು: ಗಾಳಿ ಅಳೆಯುವ ಮ್ಯಾಫ್ ಸೆನ್ಸರನ್ನು ದಾಟಿದ ಮೇಲೆ, ಸಡಿಲ ಕ್ಲ್ಯಾಂಪಿನಿಂದಲೋ ಬಿರುಕಿನಿಂದಲೋ ಗಾಳಿ ಒಳನುಗ್ಗುತ್ತದೆ. ಅದು ಲೆಕ್ಕಕ್ಕೆ ಸಿಗದೆ ಪೆಟ್ರೋಲು ಸಾಲದಾಗುತ್ತದೆ, ಐಡಲ್ (ಕಾರು ನಿಂತಾಗ ಎಂಜಿನ್ ತಿರುಗುವ ವೇಗ) ಏರಿಳಿಯುತ್ತದೆ, ಗಾಳಿಗೆ ತಕ್ಕ ಪೆಟ್ರೋಲಿಲ್ಲ ಎಂದು ಹೇಳುವ ಪಿ0171 ದೋಷದ ಕೋಡ್ ಬರಬಹುದು. ‘ಕಳ್ಳಗಾಳಿ’ ಎಂದರೆ ಚೆನ್ನ.

‘ಅಳವಡಿಸು’ ಶೀರ್ಷಿಕೆಗೆ ಸಾಕು, ಹಂತಗಳಲ್ಲಿ ‘ಕೂರಿಸು’ ಬಳಸಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಹಳೆ ಫಿಲ್ಟರ್ ಡಬ್ಬಿ ತೆಗೆದು, ಸೆನ್ಸರನ್ನು ಅದರ ಒಳಗಿನ ತಂತಿ ಮುಟ್ಟದೆ ಹೊಸ ಕೊಳವೆಗೆ ಕೂರಿಸಬೇಕು. ಸೆನ್ಸರಿನ ಬಾಣದ ಗುರುತು ಎಂಜಿನ್ ಕಡೆಗಿರಲಿ. ಕ್ಲ್ಯಾಂಪುಗಳೆಲ್ಲ ಮೊದಲು ಸಡಿಲ. ಕೊಳವೆ ಎಲ್ಲೂ ತಾಗದಂತೆ ಹೊಂದಿಸಿದ ಮೇಲೆಯೇ ಬಿಗಿ. ಎಂಜಿನ್ನಿನೊಳಗಿನ ಆವಿಯನ್ನು ಈ ಕೊಳವೆಗೆ ತರುವ ಬ್ರೀದರ್ ಹೋಸನ್ನು ಸಿಕ್ಕಿಸಲು ಮರೆತರೆ ಆ ತೂತಿನಿಂದಲೂ ಕಳ್ಳಗಾಳಿ.

ಉತ್ತರ 2: ಮೇಲಿನದಕ್ಕೆ ಎರಡು ಸೇರ್ಪಡೆ. ಸೆನ್ಸರ್ ಕೂರುವ ಜಾಗಕ್ಕೆ ಬರಿಯ ‘ವ್ಯಾಸ’ ಎನ್ನದೆ ‘ಒಳವ್ಯಾಸ’ ಎಂದೇ ಬರೆಯಿರಿ. ಅದು ಹಳೆಯದರಷ್ಟೇ ಇರಬೇಕು. 70 ಮಿ.ಮೀ. ಇದ್ದದ್ದು 76 ಆದರೆ ಗಾಳಿಯ ದಾರಿ ಸುಮಾರು ಶೇ. 18 ಅಗಲವಾಗಿ, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಅದಕ್ಕೆ ತಕ್ಕಂತೆ ಟ್ಯೂನ್ ಆಗದಿದ್ದರೆ ಸೆನ್ಸರ್ ಗಾಳಿಯನ್ನು ಕಡಿಮೆ ಲೆಕ್ಕ ಹಾಕುತ್ತದೆ.

ಹತ್ತಿಯ ಫಿಲ್ಟರನ್ನು ತೊಳೆದು ಪೂರ್ತಿ ಒಣಗಿಸಿದ ಮೇಲೆ ‘ಎಣ್ಣೆ ಹಾಕಿ’ ಎಂದು ಬರೆದರೆ ಜನ ಧಾರಾಳವಾಗಿ ಹೊಯ್ಯುತ್ತಾರೆ. ಹೆಚ್ಚಾದ ಎಣ್ಣೆ ಸೆನ್ಸರಿನ ತಂತಿಗೆ ಮೆತ್ತಿಕೊಂಡು ಲೆಕ್ಕ ಕೆಡುತ್ತದೆ. ‘ಪಸೆಯಾಗುವಷ್ಟು ಸವರಿ, 20 ನಿಮಿಷ ಬಿಟ್ಟು, ಎಣ್ಣೆ ಹಿಡಿಯದೆ ಬಿಳಿ ಉಳಿದ ಕಡೆ ಮಾತ್ರ ಮತ್ತೆ ಸವರಿ’ ಎಂದಿರಲಿ.