ಖುಕ್ರಿ ಮುಳುಗಿದಾಗ ಕ್ಯಾಪ್ಟನ್ ಮುಲ್ಲಾ ಹಡಗು ಬಿಡಲಿಲ್ಲವೇಕೆ?

ಪ್ರಶ್ನೆ (ಸಾಗರದಿಂದ):
ಈಚೆಗೆ ದೀವ್‌ಗೆ ಹೋಗಿದ್ದಾಗ, ಸಮುದ್ರಕ್ಕೆ ಮುಖಮಾಡಿದ ದಿಬ್ಬದ ಮೇಲೆ ಗಾಜಿನ ಆವರಣದೊಳಗೆ ಇರಿಸಿರುವ, 1971ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಮುಳುಗಿದ ನಮ್ಮ ನೌಕಾಪಡೆಯ ಐಎನ್‌ಎಸ್ ಖುಕ್ರಿ ಹಡಗಿನ ಮಾದರಿಯನ್ನು ನೋಡಿದೆ. ಶರಾವತಿ ಹಿನ್ನೀರು ದಾಟಿಸುವ ಹೊಳೆಬಾಗಿಲಿನ ಲಾಂಚನ್ನೇ ದೊಡ್ಡ ಹಡಗೆಂದು ನಂಬಿ ಬೆಳೆದ ನನಗೆ ಎರಡು ಸಂದೇಹಗಳಿವೆ. ಜಲಾಂತರ್ಗಾಮಿಯನ್ನು ಬೇಟೆಯಾಡಲು ಹೋದ ಹಡಗು ತಾನೇ ಬೇಟೆಯಾದದ್ದು ಹೇಗೆ? ಹಡಗಿನೊಡನೆ ನಾಯಕನೂ ಮುಳುಗಬೇಕೆಂಬ ನಿಯಮವೇನಾದರೂ ಇದೆಯೇ?

ಉತ್ತರ 1 (ಶಿವಮೊಗ್ಗದಿಂದ):
ಮೊದಲ ಪ್ರಶ್ನೆಗೆ ಉತ್ತರಿಸುತ್ತೇನೆ. ಖುಕ್ರಿ ಮತ್ತು ಕಿರ್ಪಾಣ್ ಎಂಬ ಯುದ್ಧನೌಕೆಗಳನ್ನು ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿಯನ್ನು ಹುಡುಕಲು ಮುಂಬಯಿಯಿಂದ ಕಳುಹಿಸಲಾಗಿತ್ತು. ಹಂಗೋರ್ ಫ್ರಾನ್ಸ್‌ನಲ್ಲಿ ತಯಾರಾದ, ಸದ್ದು ಕಡಿಮೆಯಿರುವ ಹೊಸ ನಮೂನೆಯದು. ನೀರೊಳಗಿನ ಸದ್ದಿನಿಂದ ಜಲಾಂತರ್ಗಾಮಿಯನ್ನು ಪತ್ತೆಹಚ್ಚುವ ನಮ್ಮ ನೌಕೆಗಳ ಸೋನಾರ್ ಸಾಧನಕ್ಕೆ ಅಷ್ಟು ದೂರ ಕೇಳಿಸುತ್ತಿರಲಿಲ್ಲ. ಆ ದೂರವನ್ನು ಹೆಚ್ಚಿಸುವ ಉಪಕರಣವೊಂದನ್ನು ಖುಕ್ರಿಯಲ್ಲಿ ಪರೀಕ್ಷಿಸಲಾಗುತ್ತಿತ್ತು, ಅದಕ್ಕಾಗಿ ಹಡಗು ನಿಧಾನವಾಗಿ ಚಲಿಸಬೇಕಿತ್ತು. ಹೆಚ್ಚು ಕೇಳಿಸಿಕೊಳ್ಳಲೆಂದು ವೇಗ ತಗ್ಗಿಸಿದ್ದೇ ಅದನ್ನು ಸುಲಭ ಗುರಿಯಾಗಿಸಿತೆಂದು ನನ್ನ ಅಭಿಪ್ರಾಯ. 1971ರ ಡಿಸೆಂಬರ್ 9ರ ರಾತ್ರಿ ಹಂಗೋರ್ ನೀರೊಳಗಿನಿಂದ ಹಾರಿಸಿದ ಟಾರ್ಪೆಡೊ ಸಿಡಿತಲೆ ತಗುಲಿದ ಕೆಲವೇ ನಿಮಿಷಗಳಲ್ಲಿ ಹಡಗು ಮುಳುಗಿತು. ಎರಡನೆಯ ಮಹಾಯುದ್ಧದ ಬಳಿಕ ಜಲಾಂತರ್ಗಾಮಿಯೊಂದು ಯುದ್ಧನೌಕೆಯನ್ನು ಮುಳುಗಿಸಿದ್ದು ಅದೇ ಮೊದಲು.

ಉತ್ತರ 2 (ತೀರ್ಥಹಳ್ಳಿಯಿಂದ):
ಅಂಥ ನಿಯಮವಿಲ್ಲ, ಎಲ್ಲರಿಗಿಂತ ಕೊನೆಗೆ ನಾಯಕನು ಇಳಿಯಬೇಕೆಂಬ ಸಂಪ್ರದಾಯವಷ್ಟೇ ಇದೆ. ಗೋರಖ್‌ಪುರದಲ್ಲಿ 1926ರಲ್ಲಿ ಹುಟ್ಟಿದ, ಖುಕ್ರಿಯ ನಾಯಕ ಮಹೇಂದ್ರನಾಥ ಮುಲ್ಲಾ 1948ರಲ್ಲಿ ಅಧಿಕಾರಿಯಾದರು. ರಾಣಾ ವಿಧ್ವಂಸಕ ನೌಕೆಯನ್ನು ಮುನ್ನಡೆಸಿದ್ದರು, ಲಂಡನ್ನಿನ ನಮ್ಮ ಹೈಕಮಿಷನ್‌ನಲ್ಲೂ ಕೆಲಸ ಮಾಡಿದ್ದರು. ಅವರು ಮುಳುಗಲೆಂದೇ ನಿಂತರೆಂಬ ಕಥೆಗಿಂತ, ಮರಣೋತ್ತರವಾಗಿ ಸಂದ ಮಹಾವೀರ ಚಕ್ರದ ಪ್ರಶಸ್ತಿ ಪಾಠ ಹೇಳುವುದೇ ನನಗೆ ಹೆಚ್ಚು ಸರಿಯೆನಿಸುತ್ತದೆ. ತಮ್ಮ ಜೀವರಕ್ಷಕ ಉಡುಪನ್ನು ನಾವಿಕನೊಬ್ಬನಿಗೆ ಕೊಟ್ಟು, ಸಾಧ್ಯವಾದಷ್ಟು ಜನರನ್ನು ಹೊರಗೆ ಕಳುಹಿಸಿದ ಮೇಲೆ, ಇನ್ನೂ ಯಾರನ್ನಾದರೂ ಉಳಿಸಬಹುದೇ ಎಂದು ನೋಡಲು ಅವರು ಹಡಗನ್ನು ನಡೆಸುವ ಕಟ್ಟೆಯಾದ ಬ್ರಿಡ್ಜ್‌ಗೆ ಮರಳಿದರು. ಅದನ್ನು ಸಾಯುವ ನಿರ್ಧಾರವೆಂದು ಕರೆಯಲು ನನಗೆ ಮನಸ್ಸಾಗದು. ಅದು ಮುಗಿಯದ ಕೆಲಸ.

ಉತ್ತರ 3 (ಹೊಸನಗರದಿಂದ):
ಮೇಲಿನವರ ಮಾತಿಗೆ ಒಂದು ಸೇರ್ಪಡೆ. ಅಂದು 18 ಅಧಿಕಾರಿಗಳು, 176 ನಾವಿಕರು ತೀರಿಕೊಂಡರು. ಕಿರ್ಪಾಣ್ ದಾಳಿಯಿಂದ ತಪ್ಪಿಸಿಕೊಂಡು ದೂರ ಸರಿಯಬೇಕಾಯಿತು. ಹಾಗಾಗಿ ಮುಲ್ಲಾ ಹೊರಗೆ ಕಳುಹಿಸಿದವರು ರಾತ್ರಿಯಿಡೀ ನೀರಿನಲ್ಲಿದ್ದು, ಮರುದಿನ ಕಛಲ್ ಎಂಬ ನೌಕೆ ಬಂದು ಎತ್ತಿಕೊಳ್ಳುವವರೆಗೆ ಕಾಯಬೇಕಾಯಿತು.